ಬಿಗಿಯುವ ದಿಕ್ಕು

ಕಳೆದ ತಿಂಗಳು ಮಗಳ ಸೈಕಲ್ಲಿನ ಎಡಗಡೆಯ ಪೆಡಲ್ ಕಳಚಿ ಅವಳ ಕೈಗೇ ಬಂತು. ಸ್ವಲ್ಪ ಸಡಿಲವಾಗಿದೆ ಎಂದು ತಾನೇ ಸ್ಪ್ಯಾನರ್ ಹಾಕಿ ಬಿಗಿ ಮಾಡಲು ಹೋಗಿದ್ದಳಂತೆ. ಎಲ್ಲ ನಟ್ಟುಗಳ ಹಾಗೆ ಇದನ್ನೂ ಬಲಕ್ಕೆ ತಿರುಗಿಸಿದ್ದಾಳೆ. ತಿರುಗಿಸಿದಷ್ಟೂ ಅದು ಈಚೆಗೆ ಬಂದು, ಕೊನೆಗೆ ಪೆಡಲ್ಲೇ ಹೊರಬಿದ್ದಿದೆ. ನಾನು ಡ್ಯೂಟಿ ಮುಗಿಸಿ ಬಂದು ಬಾಗಿಲಲ್ಲಿ ಬೂಟು ಬಿಚ್ಚುವಾಗ ಅದನ್ನು ಹಿಡಿದುಕೊಂಡು, ಬೈಸಿಕೊಳ್ಳಲು ಸಿದ್ಧಳಾಗಿ ನಿಂತಿದ್ದಳು.

ನಾನು ಬೈಯಲಿಲ್ಲ. ಹಳೆಯ ಡಬ್ಬಿಯಿಂದ ಬೆರಳಲ್ಲಿ ಒಂದಿಷ್ಟು ಗ್ರೀಸ್ ತೆಗೆದು ಥ್ರೆಡ್ಡಿಗೆ ಸವರಿದೆ. 'ಎಡಗಡೆ ಪೆಡಲ್ನ ಎಡಕ್ಕೇ ಬಿಗೀಬೇಕು ಕಣಮ್ಮ' ಎಂದು ಹೇಳುತ್ತಾ ಇದ್ದ ಹಾಗೆ ಆ ಗ್ರೀಸಿನ ವಾಸನೆ, ಅದರ ಹಿಂದೆಯೇ ಸೀಮೆಎಣ್ಣೆಯಲ್ಲಿ ತೊಳೆದ ಕಬ್ಬಿಣದ ವಾಸನೆ, ಅದರ ಹಿಂದೆ ಬಿಸಿಲಿಗೆ ಕಾದ ತಗಡಿನ ವಾಸನೆ... ಎಲ್ಲ ಎದ್ದು ಬಂದವು. ಆ ಮಾತು ನನ್ನದಾಗಿರಲಿಲ್ಲ, ಮೇಷ್ಟ್ರದಾಗಿತ್ತು.

ಅವರನ್ನು ಎಲ್ಲರೂ ಮಿಲ್ಟ್ರಿ ಮೇಷ್ಟ್ರು ಎನ್ನುತ್ತಿದ್ದರು. ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಮಿಲ್ಟ್ರಿಯಲ್ಲಿ ಗಾಡಿಗಳ ಎಂಜಿನ್ ಬಿಚ್ಚಿ ಜೋಡಿಸುವ ಕೆಲಸ ಮಾಡಿ, ಹವಾಲ್ದಾರರಾಗಿ ನಿವೃತ್ತರಾಗಿ ಮಧುಗಿರಿಗೆ ಮರಳಿದ್ದರು. ಬೆಟ್ಟದ ಬುಡದಲ್ಲಿದ್ದ ತಮ್ಮ ಮನೆಗೆ ತಾಗಿಸಿ ತಗಡಿನ ಶೆಡ್ಡೊಂದನ್ನು ಹಾಕಿಕೊಂಡಿದ್ದರು. ವಾರವೆಲ್ಲ ಅಲ್ಲಿ ಪಂಪ್‌ಸೆಟ್ಟು, ಟಿಲ್ಲರುಗಳ ರಿಪೇರಿ. ಭಾನುವಾರ ಮಾತ್ರ ಬೆಂಚು ಗೋಡೆಗೆ ಸರಿಸಿ, ನೆಲದ ಎಣ್ಣೆ ಒರೆಸಿ, ಮಿಲ್ಟ್ರಿಯ ಟೆಕ್ನಿಕಲ್ ಕೆಲಸಗಳಿಗೆ ಪರೀಕ್ಷೆ ಬರೆಯುವ ನಮ್ಮಂಥವರಿಗೆ ಪಾಠ. ಸಿರಾ ಕಡೆಯ ತಾವರೆಕೆರೆಯಿಂದ, ಕೊರಟಗೆರೆಯಿಂದ, ಪಾವಗಡದಿಂದ ಮೊದಲ ಬಸ್ಸು ಹಿಡಿದು ಬರುತ್ತಿದ್ದೆವು. ಮೇಷ್ಟ್ರ ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಉಗುರಿನ ಸಂದಿಯಲ್ಲಿ ಎಂದೂ ಹೋಗದ ಕಪ್ಪು. ಬೈಗುಳವೆಲ್ಲ ಹಿಂದಿಯಲ್ಲಿ, ಸಮಾಧಾನವೆಲ್ಲ ಕನ್ನಡದಲ್ಲಿ. ಹಿಂದಿ ಶುರುವಾದರೆ ನಾವು ತಲೆ ತಗ್ಗಿಸುತ್ತಿದ್ದೆವು.

ನಾನು ಪಾವಗಡ ಸೀಮೆಯ ವಳ್ಳೂರಿನ ಮಗ್ಗುಲಿನ ಹಳ್ಳಿಯವನು. ಈಗ ನಮ್ಮ ಊರಿನ ಸುತ್ತ ಎಲ್ಲಿ ನೋಡಿದರೂ ಸೋಲಾರ್ ಫಲಕಗಳೇ. ನನ್ನ ಈಗಿನ ಕೆಲಸವೂ ಅಲ್ಲೇ. ಆಗ ಅಲ್ಲಿ ಶೇಂಗಾ ಹೊಲಗಳಿದ್ದವು, ಊರೊಳಗೆ ಒಂದು ಗುಡಿಯಿತ್ತು, ಊರಾಚೆ ನಮ್ಮ ಕೇರಿಯಿತ್ತು. ಅಪ್ಪ ಪಾವಗಡದ ಬೀದಿಗಳನ್ನು ಗುಡಿಸುವ ಕೆಲಸದಲ್ಲಿದ್ದ. ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡ ನಮ್ಮ ಕೇರಿಯ ಮೊದಲ ಹುಡುಗ ನಾನು.

'ಪೊರ್ಕೆ ನನ್ ಕೈಗೇ ಮುಗೀಲಿ ಕಣ್ಲಾ' ಎಂದಷ್ಟೇ ಹೇಳಿದ ಅಪ್ಪ, ನಾನು ಪಾಸಾದ ದಿನ.

ಈ ಮಾತನ್ನು ಹೊತ್ತುಕೊಂಡೇ ನಾನು ಮಿಲ್ಟ್ರಿ ಭರ್ತಿಗೆ ಹೋಗುತ್ತಿದ್ದೆ. ಮಿಲ್ಟ್ರಿಯಲ್ಲೂ ಹಲವು ಬಾಗಿಲುಗಳಿವೆ. ಟ್ರೇಡ್ಸ್‌ಮನ್ ಎಂಬ ಬಾಗಿಲಲ್ಲಿ ಅಡುಗೆಯವರು, ಬಟ್ಟೆ ಒಗೆಯುವವರು, ಗುಡಿಸುವವರು ಎಲ್ಲ ಸೇರುತ್ತಾರೆ. ಟೆಕ್ನಿಕಲ್ ಎಂಬುದು ಬೇರೆ ಬಾಗಿಲು. ಅದಕ್ಕೆ ಪಿಯುಸಿ ಸೈನ್ಸ್ ಬೇಕು, ಲೆಕ್ಕ ಬೇಕು, ಯಂತ್ರದ ತಿಳಿವಳಿಕೆ ಇದೆಯೇ ಎಂದು ಅಳೆಯುವ ಪರೀಕ್ಷೆ ದಾಟಬೇಕು. ಪಾವಗಡದ ಬಸ್‌ಸ್ಟ್ಯಾಂಡಿನಲ್ಲಿ ಹುಡುಗರನ್ನು ಮಿಲ್ಟ್ರಿಗೆ ಸೇರಿಸುತ್ತೇನೆಂದು ಹೇಳಿಕೊಂಡು ಓಡಾಡುವ ಒಬ್ಬ ಆಸಾಮಿಯಿದ್ದ. ನನ್ನ ಮನೆ ಯಾವ ಕೇರಿಯಲ್ಲಿದೆ ಎಂದು ಕೇಳಿಕೊಂಡು, ನಿಮ್ಮವರಿಗೆ ಟ್ರೇಡ್ಸ್‌ಮನ್ನೇ ಸರಿ, ಪೊರಕೆ ಹಿಡಿದ ಕೈ ಬೇಗ ಸೆಲೆಕ್ಟ್ ಆಗುತ್ತದೆ ಎಂದು ಸಲಹೆ ಕೊಟ್ಟಿದ್ದ. ಗುಡಿಸುವವರ ಬಗ್ಗೆ ನನಗೆ ತಾತ್ಸಾರವಿಲ್ಲ, ನಾನು ಆ ಅನ್ನ ತಿಂದು ಬೆಳೆದವನು. ಆದರೆ ಅವನು ಅದನ್ನು ನಗುತ್ತಾ ಹೇಳಿದ.

ಆ ವರ್ಷದ ಭರ್ತಿ ನನ್ನ ಕೊನೆಯ ಅವಕಾಶವಾಗಿತ್ತು. ಮುಂದಿನ ಭರ್ತಿಯ ಹೊತ್ತಿಗೆ ವಯಸ್ಸು ಮೀರುತ್ತಿತ್ತು. ಹಿಂದಿನ ಸಲ ಓಟ, ಎದೆಯ ಅಳತೆ, ಡಾಕ್ಟರರ ತಪಾಸಣೆ ಎಲ್ಲ ದಾಟಿ, ಬರೆಯುವ ಪರೀಕ್ಷೆಯಲ್ಲಿ ಬಿದ್ದಿದ್ದೆ. ಚೆನ್ನಾಗಿ ಬರೆದಿದ್ದೇನೆ ಎಂದೇ ಅಂದುಕೊಂಡಿದ್ದೆ. ಎಲ್ಲಿ ಎಡವಿದೆ ಎಂದು ಗೊತ್ತೇ ಆಗಲಿಲ್ಲ. ಯಾರೋ ಮಿಲ್ಟ್ರಿ ಮೇಷ್ಟ್ರ ಹೆಸರು ಹೇಳಿದರು, ಹೋದೆ. ಅಮ್ಮ ಪ್ರತಿ ಭಾನುವಾರ ಕತ್ತಲಿರುವಾಗಲೇ ಎದ್ದು ರೊಟ್ಟಿ ಕಟ್ಟಿಕೊಡುತ್ತಿದ್ದಳು. ನಮ್ಮ ಕಡೆಯ ಹೆಂಗಸರ ಮಾತಿನಲ್ಲಿ ಅರ್ಧ ತೆಲುಗು. 'ಪೋಯಿರಾ ನಾಯನಾ' ಎಂದು ಕಳಿಸುತ್ತಿದ್ದಳು, ಹೋಗಿ ಬಾರಪ್ಪಾ ಎಂದು.

ಮೇಷ್ಟ್ರು ಬೋರ್ಡ್ ಬಳಸುತ್ತಿರಲಿಲ್ಲ. ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಹಲ್ಲಿನ ಚಕ್ರಗಳನ್ನು ಬರೆಯುವರು. ನಾವು ಸುತ್ತ ನಿಂತು ನೋಡಬೇಕು. ಒಂದು ಚಕ್ರದ ಮೇಲೆ ಬಾಣದ ಗುರುತು ಹಾಕಿ, ಇದು ಹೀಗೆ ತಿರುಗಿದರೆ ಕೊನೆಯದು ಎತ್ತ ತಿರುಗುತ್ತದೆ ಎಂದು ಕೇಳುವರು. ಉತ್ತರಕ್ಕೆ ಎರಡೇ ಪದ: ಪ್ರದಕ್ಷಿಣೆ, ಅಪ್ರದಕ್ಷಿಣೆ. ಪರೀಕ್ಷೆಯಲ್ಲಿ ಇದನ್ನೇ ಇಂಗ್ಲಿಷಿನಲ್ಲಿ ಕ್ಲಾಕ್‌ವೈಸ್, ಆಂಟಿ-ಕ್ಲಾಕ್‌ವೈಸ್ ಎಂದು ಕೇಳುತ್ತಾರೆ, ಅಷ್ಟೇ ವ್ಯತ್ಯಾಸ ಎನ್ನುವರು. ಎಲ್ಲರೂ ತಲೆಯಾಡಿಸುತ್ತಿದ್ದರು. ಪ್ರದಕ್ಷಿಣೆ ಗೊತ್ತಿಲ್ಲದವರು ಯಾರಿದ್ದಾರೆ? ನಾನೂ ತಲೆಯಾಡಿಸಿದೆ. ಹೈಸ್ಕೂಲಿನ ಪುಸ್ತಕದಲ್ಲೂ ಅದೇ ಪದ ಓದಿದ್ದೆ.

ಒಂದು ಭಾನುವಾರ ಅವರು ಮಾದರಿ ಪರೀಕ್ಷೆ ಇಟ್ಟರು. ಲೆಕ್ಕದಲ್ಲಿ ನಾನೇ ಮೇಲೆ. ಸನ್ನೆ, ರಾಟೆಗಳ ಪ್ರಶ್ನೆಗಳೂ ಸರಿ. ಆದರೆ ಬಾಣ ನೋಡಿ ದಿಕ್ಕು ಬರೆಯಬೇಕಾದ ಪ್ರಶ್ನೆಗಳಲ್ಲಿ ಒಂದೇ ಒಂದೂ ಸರಿಯಿರಲಿಲ್ಲ. ಕಣ್ಣು ಮುಚ್ಚಿಕೊಂಡು ಬರೆದಿದ್ದರೂ ಅರ್ಧ ಸರಿಯಾಗುತ್ತಿತ್ತಲ್ಲೋ ಎಂದು ಕೊರಟಗೆರೆಯ ಹುಡುಗನೊಬ್ಬ ಛೇಡಿಸಿದ. ಎಲ್ಲರೂ ನಕ್ಕರು, ನಾನೂ ನಕ್ಕ ಹಾಗೆ ಮಾಡಿದೆ. ಮೇಷ್ಟ್ರು ನಗಲಿಲ್ಲ. ಉಳಿದವರನ್ನೆಲ್ಲ ಕಳಿಸಿ ನನ್ನನ್ನು ನಿಲ್ಲಿಸಿಕೊಂಡರು. ಹಿಂದಿಯಲ್ಲಿ ಶುರುವಾಗುತ್ತದೆ ಎಂದು ಕಾಯುತ್ತಾ ನಿಂತೆ.

'ಒಂದೆರಡು ಸರಿ ಇದ್ದಿದ್ರೆ ಅಂದಾಜ್ ಮೇಲೆ ಬರ್ದವ್ನೆ ಅನ್ಕೋತಿದ್ದೆ' ಎಂದರು. 'ಒಂದೂ ಸರಿ ಇಲ್ಲ ಅಂದ್ರೆ ನಿಂಗೆ ಎಲ್ಲಾ ಗೊತ್ತು ಅಂತ ಕಣ್ಲಾ. ಎಲ್ಲೋ ಒಂದ್ಕಡೆ ಉಲ್ಟಾ ಹೊಡ್ದದೆ. ಎಲ್ಲಿ, ಈ ಚಕ್ರನ ಪ್ರದಕ್ಷಿಣೆ ತಿರುಗ್ಸು.'

ಬೆಂಚಿನ ಮೇಲೆ ಪಂಪಿನ ಪುಲ್ಲಿಯೊಂದಿತ್ತು. ನಾನು ಅದನ್ನು ಎಡಕ್ಕೆ ತಿರುಗಿಸಿದೆ. ಅವರು ಹೂಂ ಎಂದರು. ಒಂದು ಆಯಿಲ್ ಡಬ್ಬ ತಂದು ನೆಲದ ನಡುವೆ ಇಟ್ಟು, ಅದೇ ದೇವರು ಎಂದುಕೊಂಡು ಗುಡಿಯಲ್ಲಿ ಸುತ್ತುವ ಹಾಗೆ ಸುತ್ತಿ ತೋರಿಸು ಎಂದರು.

ನಾನು ಡಬ್ಬದ ಮುಂದೆ ನಿಂತೆ. ಎಡಕ್ಕೆ ಹೆಜ್ಜೆ ಹಾಕಿದೆ. ಡಬ್ಬದ ಪಕ್ಕಕ್ಕೆ ಬಂದೆ... ಅಲ್ಲಿ ನಿಂತುಬಿಟ್ಟೆ.

'ಆಮೇಲೆ?' ಎಂದರು.

'ಆಮೇಲೆ ಕಾಣಾಕಿಲ್ಲ ಸಾರ್' ಎಂದೆ.

ಅವರಿಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಬೇಕಾಯಿತು. ಹಬ್ಬದ ದಿನ ನಮ್ಮ ಕೇರಿಯವರೂ ಗುಡಿಯ ಹತ್ತಿರ ಹೋಗುತ್ತಿದ್ದೆವು. ಹೋಗಿ ಬಾಗಿಲಾಚೆ ನಿಲ್ಲುತ್ತಿದ್ದೆವು. ಊರವರು ದೇವರಿಗೆ ಕೈ ಮುಗಿದು ಎಡಕ್ಕೆ ಹೊರಡುತ್ತಿದ್ದರು. ಮೂಲೆ ತಿರುಗಿದ ಮೇಲೆ ನಮಗೆ ಕಾಣುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಬಲಗಡೆಯಿಂದ ಬರುತ್ತಿದ್ದರು. ಹಿಂದೆ ಏನು ಮಾಡಿಕೊಂಡು ಬಂದರೆಂದು ಯಾರು ಹೇಳಬೇಕು? ಎಡಕ್ಕೆ ಹೋಗುವುದೇ ಪ್ರದಕ್ಷಿಣೆ ಎಂದು ನನ್ನ ತಲೆಯಲ್ಲಿ ಕೂತಿತ್ತು. ಶಾಲೆಯಲ್ಲಿ ಕ್ಲಾಕ್‌ವೈಸ್ ಎಂದರೆ ಪ್ರದಕ್ಷಿಣೆ ಎಂದು ಉರು ಹೊಡೆಸಿದಾಗ ಅದೂ ಎಡವೇ ಆಯಿತು. ಗಡಿಯಾರ ನೋಡಿರಲಿಲ್ಲವೇ ಎಂದರೆ, ದಿನವೂ ನೋಡುತ್ತಿದ್ದೆ. ಆದರೆ ಕ್ಲಾಕ್‌ವೈಸ್ ಎಂಬ ಪದದೊಳಗೆ ಒಂದು ಗಡಿಯಾರ ಇದೆ ಎಂದು ನನಗೆ ಹೊಳೆದೇ ಇರಲಿಲ್ಲ. ಇಂಗ್ಲಿಷಿನ ಪದವನ್ನು ಬಿಡಿಸಿ ನೋಡುವ ಅಭ್ಯಾಸ ನಮ್ಮಂಥವರಿಗೆ ಎಲ್ಲಿತ್ತು? ಹಿಂದಿನ ಸಲ ಯಾಕೆ ಬಿದ್ದೆ ಎಂಬುದು, ಅದನ್ನೆಲ್ಲ ಹೇಳುತ್ತಾ ಹೇಳುತ್ತಾ ನನಗೇ ತಿಳಿಯಿತು.

ಮೇಷ್ಟ್ರು ಬೆಂಚಿನ ತುದಿಯ ಮೇಲೆ ಕೂತರು. ಕೈ ತಾನಾಗಿ ಎದೆಯ ಮೇಲಿನ ಕರಡಿಗೆಯ ಹತ್ತಿರ ಹೋಗಿತ್ತು. ಆಮೇಲೆ ಎದ್ದು, ನಾನು ನಿಂತಿದ್ದ ಜಾಗದಿಂದ ಮುಂದಕ್ಕೆ, ಡಬ್ಬದ ಹಿಂಬದಿಯಿಂದ, ಆ ಕಡೆಯಿಂದ ಬಳಸಿ ತಾವೇ ನಡೆದು ಬಂದರು. ನಡೆಯುತ್ತಾ ಸೀಮೆಸುಣ್ಣದಲ್ಲಿ ಬಗ್ಗಿ ಗೆರೆ ಎಳೆದರು. ಮೇಲಿನಿಂದ ನೋಡಿದೆ. ಎಡಕ್ಕೆ ಹೊರಟಿದ್ದರೂ ಗೆರೆ ತಿರುಗಿದ್ದೆಲ್ಲ ಗಡಿಯಾರದ ಮುಳ್ಳಿನ ದಿಕ್ಕಿಗೇ.

'ನೀನು ನೋಡಿದ್ದು ತಪ್ಪಲ್ಲ ಕಣ್ಲಾ' ಎಂದರು. 'ನಿನ್ನ ನಿಲ್ಸಿದ್ ಜಾಗ ಅಂತಾದ್ದು.'

ನೆಲ ನೋಡುತ್ತಾ ಇನ್ನೊಂದು ಮಾತು ಹೇಳಿದರು. 'ಲಿಂಗ ಕಟ್ಕಂಡೋನ್ಗೆ ಗುಡಿ ಸುತ್ತೋ ಕೆಲ್ಸ ಇಲ್ಲ ಅಂತಿದ್ರು ನಮ್ ತಾತ. ನಾನು ಸುತ್ತಿದ್ದೂ ಅಲ್ದೆ, ನಿಂಗೂ ಅದ್ನೇ ಹೇಳ್ಕೊಟ್ಟೆ ನೋಡು.'

ನನಗೆ ಅಳು ಬಂತು. ಅವರ ಮುಂದೆ ಅಳಬಾರದೆಂದು ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಹೊರಟುಬಿಟ್ಟೆ.

ಮುಂದಿನ ಭಾನುವಾರ ನಾವು ಹೋಗುವ ಹೊತ್ತಿಗೆ ಬೆಂಚಿನ ಮೇಲೆ ನಟ್ಟು, ಬೋಲ್ಟುಗಳ ಗುಡ್ಡೆ ಬಿದ್ದಿತ್ತು. ಒಬ್ಬೊಬ್ಬರ ಕೈಗೂ ಒಂದೊಂದು ಜೊತೆ ಕೊಟ್ಟರು. ಇನ್ನು ಮೇಲೆ ಈ ಶೆಡ್ಡಿನಲ್ಲಿ ಪ್ರದಕ್ಷಿಣೆ ಎಂಬ ಪದ ಇಲ್ಲ. ನಟ್ಟು ಬಿಗಿಯುವ ಕಡೆ 'ಬಿಗಿ', ಅದೇ ಪರೀಕ್ಷೆಯ ಕ್ಲಾಕ್‌ವೈಸ್; ಬಿಚ್ಚುವ ಕಡೆ 'ಸಡಿಲ', ಅಷ್ಟೇ ಎಂದರು. ಕೊರಟಗೆರೆಯ ಹುಡುಗ ಪ್ರದಕ್ಷಿಣೆಯೇ ಸುಲಭವಿತ್ತಲ್ಲ ಸಾರ್ ಎಂದು ಗೊಣಗಿದ. ಅಷ್ಟು ಸುಲಭದ್ದು ಬೇಡ, ಎಲ್ಲರ ಕೈಗೂ ಸಿಗುವುದು ಬೇಕು ಎಂದು ಮೇಷ್ಟ್ರು ಹೇಳಿ ಮುಂದಿನ ಲೆಕ್ಕಕ್ಕೆ ಹೋದರು. ಯಾಕೆಂದು ಯಾರಿಗೂ ಹೇಳಲಿಲ್ಲ, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅದಕ್ಕಾಗಿ ನಾನು ಅವರಿಗೆ ಋಣಿ. ನನಗೆ ಕೊಟ್ಟ ನಟ್ಟು ಬೋಲ್ಟು ಆಮೇಲಿನ ದಿನಗಳಲ್ಲೆಲ್ಲ ನನ್ನ ಜೇಬಿನಲ್ಲೇ ಇತ್ತು. ಬಸ್ಸಿನಲ್ಲಿ, ಕೆರೆಯ ಏರಿಯ ಮೇಲೆ, ಮಲಗುವ ಮುನ್ನ, ಬಿಗಿ, ಸಡಿಲ ಎಂದು ತಿರುಗಿಸುತ್ತಲೇ ಇರುತ್ತಿದ್ದೆ. ತಲೆಯಲ್ಲಿ ಕೂತಿದ್ದ ಎಡ ಬಲ ಎದ್ದು ಹೋಗಲು ತುಂಬಾ ದಿನ ಹಿಡಿಯಿತು.

ಪೆಡಲ್ಲಿನ ಪಾಠವೂ ಆಗಿನದೇ. ಪ್ರತಿ ನಿಯಮಕ್ಕೂ ಅದನ್ನು ಮುರಿಯುವ ಒಂದು ತಂಟೆಯಿರುತ್ತದೆ, ಪರೀಕ್ಷೆಯವರು ಅದನ್ನೇ ಕೇಳುತ್ತಾರೆ ಎಂದು ತಮ್ಮ ಸೈಕಲ್ಲನ್ನು ಶೆಡ್ಡಿನೊಳಗೆ ತಂದು ನಿಲ್ಲಿಸಿದರು. ಬಲಗಡೆ ಪೆಡಲ್ ಬಲಕ್ಕೆ ಬಿಗಿ, ಎಡಗಡೆಯದು ಎಡಕ್ಕೆ ಬಿಗಿ, ಅದು ಉಲ್ಟಾ ಥ್ರೆಡ್. ಮರೆತರೆ ಮುಂದಿನ ಚಕ್ರ ನೋಡಿ, ಎರಡೂ ಬಿಗಿಯುವುದು ಅದರ ಕಡೆಗೇ. ಎಡವೋ ಬಲವೋ ಎಂಬುದು ನೀವು ನಿಂತ ಬದಿಯ ಮೇಲೆ ಎಂದರು. ಹಾಗೆ ಹೇಳುವಾಗ ಮಾತ್ರ ಒಂದು ಕ್ಷಣ ನನ್ನ ಮುಖ ನೋಡಿದ ಹಾಗಿತ್ತು. ನನ್ನ ಭ್ರಮೆಯೂ ಇರಬಹುದು...

ಭರ್ತಿಯ ದಿನ ಬೆಳಕು ಹರಿಯುವ ಮೊದಲೇ ಮೈದಾನದ ತುಂಬ ಹುಡುಗರು. ಬಸ್‌ಸ್ಟ್ಯಾಂಡಿನ ಆ ಆಸಾಮಿ ಅಲ್ಲೂ ಇದ್ದ. ನನ್ನನ್ನು ಕಂಡು, ಇನ್ನೂ ಟೈಮಿದೆ, ಟ್ರೇಡ್ಸ್‌ಮನ್ ಸಾಲಿಗೆ ಬಾ ಎಂದು ತೋಳು ಹಿಡಿದ. ನನ್ನ ಕೈ ಜೇಬಿಗೆ ಹೋಯಿತು, ಬೋಲ್ಟು ಇತ್ತು. ನಿಂತ ಜಾಗದಿಂದ ಕದಲಲಿಲ್ಲ. ಸಾಲು ಮುಂದೆ ಸರಿದು, ಮೇಜಿನ ಹಿಂದೆ ಕೂತಿದ್ದ ಭರ್ತಿ ಹವಾಲ್ದಾರರ ಎದುರು ಬಂದೆ. 'ಕೌನ್ಸಾ ಟ್ರೇಡ್?' ಎಂದು ತಲೆಯೆತ್ತದೆ ಕೇಳಿದರು. ಟೆಕ್ನಿಕಲ್, ಸಾಬ್ ಎಂದೆ. ಮಾರ್ಕ್ಸ್ ಕಾರ್ಡು ನೋಡಿ, ನನ್ನ ಮುಖ ನೋಡಿ, ಒಳಗೆ ಹೋಗು ಎಂದು ಕೈ ಮಾಡಿದರು. ಯಾವ ಕೇರಿ ಎಂದು ಕೇಳಲಿಲ್ಲ. ಅಷ್ಟು ಸುಲಭವಾಗಿ ಯಾರೂ ನನ್ನನ್ನು ಯಾವ ಬಾಗಿಲಿನೊಳಕ್ಕೂ ಬಿಟ್ಟಿರಲಿಲ್ಲ.

ಬರೆಯುವ ಪರೀಕ್ಷೆಯ ದಿನ ಚಕ್ರಗಳು ಬಂದವು, ಬಾಣಗಳು ಬಂದವು. ಬೋಲ್ಟನ್ನು ಹೊರಗೆ ಚೀಲದಲ್ಲಿ ಇಟ್ಟು ಹೋಗಬೇಕಿತ್ತು. ಬರೀ ಬೆರಳುಗಳನ್ನೇ ಮೇಜಿನ ಕೆಳಗೆ ತಿರುಗಿಸಿಕೊಂಡು ಉತ್ತರ ಬರೆದೆ. ಪಾಸಾದೆ. ಸುದ್ದಿ ತಿಳಿದಾಗ ಅಪ್ಪ ಬೀದಿಯಲ್ಲಿ ಕೆಲಸದಲ್ಲಿದ್ದ. ಕೇಳಿಸಿಕೊಂಡು, ಪೊರಕೆಯನ್ನು ಗೋಡೆಗೆ ಒರಗಿಸಿ, ಮುಖದ ಮೇಲೆ ಟವಲ್ ಹಾಕಿಕೊಂಡು ಅಂಗಡಿಯೊಂದರ ಕಟ್ಟೆಯ ಮೇಲೆ ಕೂತ.

ಮೇಷ್ಟ್ರ ಕಾಲಿಗೆ ನಮಸ್ಕಾರ ಮಾಡಲು ಹೋದೆ. ಅವರು ಬಿಡಲಿಲ್ಲ, ಭುಜ ಹಿಡಿದು ನಿಲ್ಲಿಸಿದರು. ಅವರ ಹೆಂಡತಿಯನ್ನು ನಾವೆಲ್ಲ ಅಮ್ಮಾರು ಎನ್ನುತ್ತಿದ್ದೆವು; ಅವರು ಕಾಫಿ ತಂದರು. ಎಲ್ಲರಿಗೂ ಕೊಡುವ ಲೋಟದಲ್ಲೇ ನನಗೂ ಕೊಟ್ಟರು. ಕಾಫಿಯನ್ನು ಶೆಡ್ಡಿನಲ್ಲೇ ಕುಡಿದೆ. ನಡುಮನೆಗೆ ಯಾರೂ ಕರೆಯಲಿಲ್ಲ, ನಾನೂ ಹೋಗಲಿಲ್ಲ. ಇದನ್ನು ದೂರು ಎಂದು ಹೇಳುತ್ತಿಲ್ಲ. ಅವರು ದೊಡ್ಡವರು, ಆದರೂ ಅವರಿಗೂ ಒಂದು ಹೊಸಿಲಿತ್ತು. ಎರಡನ್ನೂ ನೆನಪಿಟ್ಟುಕೊಳ್ಳುವುದೇ ನ್ಯಾಯ ಎನಿಸುತ್ತದೆ.

ರಜೆಗೆ ಬಂದಾಗಲೆಲ್ಲ ಅವರನ್ನು ಕಾಣಲು ಹೋಗುತ್ತಿದ್ದೆ. ಯಾವ ಎಂಜಿನ್, ಯಾವ ಗಾಡಿ ಎಂದೆಲ್ಲ ವಿಚಾರಿಸುವರು. ಹೊರಡುವಾಗ ಮಾತ್ರ ತಪ್ಪದೆ ಒಂದು ಪ್ರಶ್ನೆ.

'ಒಳಿಕ್ ಹೋದ್ಯೇನ್ಲಾ?'

ನಮ್ಮ ಊರಿನ ಗುಡಿಯ ಮಾತು ಅದು. ಇಲ್ಲ ಸಾರ್ ಎನ್ನುತ್ತಿದ್ದೆ. ಅಷ್ಟು ಹೊತ್ತಿಗೆ ನಮ್ಮ ಮನೆಯವರೆಲ್ಲ ಬುದ್ಧನ ಪಟಕ್ಕೆ ಕೈ ಮುಗಿಯಲು ಶುರುಮಾಡಿದ್ದೆವು. ನನಗೆ ಆ ಗುಡಿ ಬೇಕಾಗಿಯೂ ಇರಲಿಲ್ಲ. ಹಾಗೆಂದು ಅವರಿಗೆ ಹೇಳಲು ಯಾಕೋ ಬಾಯಿ ಬರುತ್ತಿರಲಿಲ್ಲ. ಬಾಗಿಲು ಮುಚ್ಚಿರುವುದಕ್ಕೆ ಅವರಿಗೆ ನೋವಾಗುತ್ತಿತ್ತಲ್ಲ, ಅದೊಂದು ನನಗೆ ಬೇಕಾಗಿತ್ತು. ಒಂದು ಸಲ ಹೀಗೆ ಕೇಳಿ, ನನ್ನ ಉತ್ತರ ಕೇಳಿ, ಕೈ ಒರೆಸುವ ಬಟ್ಟೆಯಿಂದ ಸುಮ್ಮನೆ ಬೆಂಚು ಒರೆಸುತ್ತಾ ನಿಂತುಬಿಟ್ಟರು. ಅದೇ ಕೊನೆಯ ಭೇಟಿ ಎಂದು ಆಗ ಗೊತ್ತಿರಲಿಲ್ಲ...

ಅವರು ಹೋದ ಸುದ್ದಿ ನನಗೆ ತಲುಪಿದಾಗ ನಾನು ದೂರದ ಹಿಮದ ಊರಿನಲ್ಲಿ, ಗಾಡಿಯೊಂದರ ಕೆಳಗೆ ಮಲಗಿಕೊಂಡು ಗೇರ್‌ಬಾಕ್ಸ್ ಕಟ್ಟುತ್ತಿದ್ದೆ. ಮಣ್ಣು ಮಾಡಿ ಆಗಲೇ ಎಷ್ಟೋ ದಿನವಾಗಿತ್ತು. ಸರ್ವೀಸು ಮುಗಿಸಿ ಊರಿಗೆ ಬಂದ ಮೇಲೂ ಮಧುಗಿರಿಯ ಆ ಬೀದಿಗೆ ನಾನು ಹೋಗಿರಲಿಲ್ಲ. ಅವರಿಲ್ಲದ ಶೆಡ್ಡನ್ನು ನೋಡುವ ಮನಸ್ಸಿರಲಿಲ್ಲ.

ಪೆಡಲ್ ಬಿಗಿದ ಮುಂದಿನ ಭಾನುವಾರ ಮಗಳನ್ನು ಕರೆದುಕೊಂಡು ಹೋದೆ. ಶೆಡ್ಡು ಇಲ್ಲ, ಆ ಜಾಗದಲ್ಲಿ ಯಾರದೋ ಕಾರು ನಿಂತಿತ್ತು. ಅಮ್ಮಾರಿಗೆ ಕಣ್ಣು ಮಂಜಾಗಿದೆ, ಆದರೂ ನನ್ನ ದನಿಯಿಂದಲೇ ಗುರುತು ಹಿಡಿದು, ಪಾವಗಡದೋನಲ್ವಾ ಎಂದರು. ನಮ್ಮನ್ನು ನಡುಮನೆಗೇ ಕರೆದುಕೊಂಡು ಹೋಗಿ ಕೂರಿಸಿದರು. ಆಮೇಲೆ ಮಗಳ ಕೈ ಹಿಡಿದುಕೊಂಡು ಊರಾಚೆಯ ತಮ್ಮ ಹೊಲಕ್ಕೆ ಕರೆತಂದರು. ಹೊಂಗೆ ಮರದ ಕೆಳಗೆ ಮೇಷ್ಟ್ರನ್ನು ಮಣ್ಣು ಮಾಡಿದ ಗದ್ದುಗೆ. ಕಲ್ಲಿನ ಸಣ್ಣ ಕಟ್ಟೆ, ಮೇಲೊಂದು ಲಿಂಗ. ಹೆಸರು ಕೂಡ ಬರೆಸಿರಲಿಲ್ಲ.

ನಾನು ದೂರದಲ್ಲೇ ನಿಂತಿದ್ದೆ. ಹಳೆಯ ಅಭ್ಯಾಸ.

'ಅಲ್ಯಾಕ್ ನಿಂತ್ಕಂಡೆ ಮಗಾ?' ಎಂದರು ಅಮ್ಮಾರು. 'ಹೋಗು, ಒಂದ್ ಸುತ್ತು ಬಂದ್ಬುಡು.'

ಮಗಳು ಬಲಕ್ಕೆ ಹೊರಟಿದ್ದಳು. ಕೈ ಹಿಡಿದು ಎಡಕ್ಕೆ ತಿರುಗಿಸಿದೆ. ಇದೂ ಪೆಡಲ್ ಥರಾನಾ ಅಪ್ಪ ಎಂದು ಕೇಳಿದಳು. ಮೇಷ್ಟ್ರನ್ನು ಬಲಗಡೆಗೆ ಇಟ್ಟುಕೊಂಡು ನಡೆದೆವು. ಪಕ್ಕಕ್ಕೆ ಬಂದೆವು, ಆಯಿಲ್ ಡಬ್ಬ ಸುತ್ತುವಾಗ ಅಂದು ನಾನು ನಿಂತುಬಿಟ್ಟಿದ್ದು ಇಂಥ ಜಾಗದಲ್ಲೇ. ಮೂಲೆ ತಿರುಗಿದೆವು. ಹಿಂಬದಿಯಲ್ಲಿ ಏನೂ ಇರಲಿಲ್ಲ. ಸುಣ್ಣ ಕಾಣದ ಕಲ್ಲು, ಅದರ ಬುಡದಲ್ಲಿ ಒಂದು ಉತ್ತರಾಣಿ ಗಿಡ, ಇರುವೆಗಳ ಸಾಲು. ಇಷ್ಟನ್ನೇ ಊರವರು ನಮ್ಮಿಂದ ಮುಚ್ಚಿಟ್ಟಿದ್ದರೇ ಎಂದು ಸಿಟ್ಟೂ ಬಂತು, ಅಳುವೂ ಬಂತು. ಈ ಸಲ ನನಗೆ ಹಿಡಿಯಬೇಕಾದ ಬಸ್ಸಿರಲಿಲ್ಲ, ಅತ್ತುಬಿಟ್ಟೆ.

ಸುತ್ತಿ ಮತ್ತೆ ಮುಂದಕ್ಕೆ ಬಂದೆವು. ಆಮೇಲೆ ಕಾಣುತ್ತದೆ ಸಾರ್ ಎಂದು ಹೇಳಬೇಕೆನಿಸಿತು. ಕೇಳಲು ಅವರಿರಲಿಲ್ಲ.